ಪುಣೆ ಲೇಬರ್ ಕ್ಯಾಂಪ್‌ಗಳಲ್ಲಿ ಕೇರ್ ಕೋಆರ್ಡಿನೇಟರ್ ಕೆಲಸ: ರೆಫರ್ ಮಾಡಿದವರು ನಡುವೆ ಕೈತಪ್ಪದ ಹಾಗೆ ನೋಡಿಕೊಳ್ಳೋದು ಹೇಗೆ?

ಕಾತ್ರಜ_ಘಾಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುಣೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕೇರ್ ಕೋಆರ್ಡಿನೇಟರ್ ಆಗಿ ಸೇರಿಕೊಂಡಿದ್ದೀನಿ. ವಾರ್ಜೆಯಿಂದ ಕಾತ್ರಜದವರೆಗಿನ ಲೇಬರ್ ಕ್ಯಾಂಪ್‌ಗಳು, ಕೂಲಿ ನಾಕಾಗಳ ಸುತ್ತಲಿನ ವಸ್ತಿಗಳು ನನ್ನ ಪಾಲಿಗೆ ಬಂದಿವೆ. ಬಹುತೇಕರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಕನ್ನಡ ಬರುತ್ತೆ ಅಂತಲೇ ಈ ಏರಿಯಾ ನನಗೆ ಕೊಟ್ಟಿದ್ದಾರೆ.

ತರಬೇತಿಯಲ್ಲಿ ಫಾರ್ಮ್ ತುಂಬೋದನ್ನ ಚೆನ್ನಾಗಿ ಹೇಳಿಕೊಟ್ಟರು. ತೊಡಕು ಅಲ್ಲಿಲ್ಲ. ಚೀಟಿ ಬರೆದು ಸಸೂನ್‌ಗೋ ಕಮಲಾ ನೆಹರೂ ಆಸ್ಪತ್ರೆಗೋ ಕಳಿಸ್ತೀವಿ. ಎಷ್ಟೋ ಜನ ಹೋಗೋದೇ ಇಲ್ಲ, ಹೋದವರು ಎರಡನೇ ಸಲ ಹೋಗಲ್ಲ. ಟಿಬಿ ಪೇಷಂಟ್ ಊರಿಗೆ ಹೋದರೆ ಸುದ್ದಿಯೇ ಇರಲ್ಲ. ರಿಜಿಸ್ಟರ್‌ನಲ್ಲಿ ಏನೇನು ಬರೆದಿಡಬೇಕು, ಎಷ್ಟು ದಿನಕ್ಕೆ ಫೋನ್ ಮಾಡಬೇಕು, ಕರ್ನಾಟಕದ ರೇಷನ್ ಕಾರ್ಡ್ ಇದ್ದವರಿಗೆ ಇಲ್ಲಿ ಯಾವ ಯೋಜನೆ ನಡೆಯುತ್ತೆ, ಊರಿಗೆ ಹೊರಟವರನ್ನ ಅಲ್ಲಿನವರ ಕೈಗೆ ಹೇಗೆ ಒಪ್ಪಿಸೋದು? ಈ ಕೆಲಸದಲ್ಲಿ ಪಳಗಿದವರು ದಯವಿಟ್ಟು ಹೇಳಿ.

ಧಾರಾವಿ_ನಾಕಾ ಬರೆದದ್ದು:

ರಿಜಿಸ್ಟರ್‌ನಿಂದಲೇ ಶುರು ಮಾಡ್ತೀನಿ, ಉಳಿದದ್ದೆಲ್ಲ ಅಲ್ಲಿಂದಲೇ ಬರುತ್ತೆ. 'ರೆಫರ್ ಮಾಡಲಾಗಿದೆ' ಅಂತ ಒಂದೇ ಕಾಲಂ ಇದ್ದರೆ ಅದನ್ನ ಒಡೆದು ನಾಲ್ಕು ಮಾಡಿ: ಕಳಿಸಿದ ತಾರೀಖು; ಆಸ್ಪತ್ರೆ ಮುಟ್ಟಿದ ತಾರೀಖು, ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ನಂಬರ್ ಸಮೇತ; ಡಾಕ್ಟರ್ ಹೇಳಿದ್ದೇನು; ಮುಂದಿನ ತಾರೀಖು. ಕೊನೆಯ ಎರಡರಲ್ಲಿ ಒಂದು ಖಾಲಿ ಇದ್ದರೂ ಆ ಕೇಸ್ ಬಾಕಿ. ತಿಂಗಳ ಕೊನೆಗೆ ಎಷ್ಟು ಚೀಟಿ ಬರೆದಿರಿ ಅಂತ ಆಫೀಸಿನವರು ಕೇಳ್ತಾರೆ, ಎಷ್ಟು ಬಾಕಿ ಉಳಿದವು ಅಂತ ಯಾರೂ ಕೇಳಲ್ಲ. ನೀವೇ ಲೆಕ್ಕ ಇಟ್ಟು ಮೀಟಿಂಗ್‌ನಲ್ಲಿ ಹೇಳಿ. ಇಷ್ಟು ಪೇಷಂಟ್‌ಗಳಿಗೆ ಒಬ್ಬರೇ ಸಾಕಾಗಲ್ಲ ಅನ್ನೋದು ಆ ಅಂಕಿಯಿಂದ ಮಾತ್ರ ಗೊತ್ತಾಗುತ್ತೆ.

ಜನ ಯಾಕೆ ಹೋಗಲ್ಲ ಅಂದರೆ, ದೊಡ್ಡ ಆಸ್ಪತ್ರೆಗೆ ಒಂದು ಸಲ ಹೋದರೆ ಒಂದು ದಿನದ ಪಗಾರ ಹೋಯ್ತು. ಬೆಳಿಗ್ಗೆ ಕೇಸ್ ಪೇಪರ್ ಸಾಲು, ಆಮೇಲೆ ಓಪಿಡಿ ಸಾಲು. ಡಾಕ್ಟರ್ ರಕ್ತ ಪರೀಕ್ಷೆ ಬರೆಯೋ ಹೊತ್ತಿಗೆ ಸ್ಯಾಂಪಲ್ ತಗೊಳ್ಳೋ ಕಿಟಕಿ ಮುಚ್ಚಿರುತ್ತೆ. ನಾಳೆ ಖಾಲಿ ಹೊಟ್ಟೇಲಿ ಬಾ ಅಂತಾರೆ. ರಿಪೋರ್ಟ್‌ಗೆ ಇನ್ನೊಂದು ದಿನ. ಒಂದು ಕಾಯಿಲೆಗೆ ಮೂರು ದಿನದ ಕೂಲಿ. ಇದನ್ನ ಅಸಡ್ಡೆ ಅನ್ನೋಕಾಗಲ್ಲ. ನಿಮ್ಮ ಕೈಲಾಗೋದು ಆ ಮೂರನ್ನ ಒಂದಕ್ಕೆ ಇಳಿಸೋದು. ಹಿಮೋಗ್ಲೋಬಿನ್, ಶುಗರ್, ಮೂತ್ರ ಪರೀಕ್ಷೆ ಇಂಥವನ್ನ ಹತ್ತಿರದ ಮಹಾನಗರಪಾಲಿಕೆ ದವಾಖಾನೆಯಲ್ಲಿ ಮೊದಲೇ ಮಾಡಿಸಿ, ರಿಪೋರ್ಟ್ ಕೈಯಲ್ಲಿ ಕೊಟ್ಟು ಕಳಿಸಿ. ಇನ್ನೊಂದು, ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಪ್ರತಿ ವಿಭಾಗಕ್ಕೂ ಬೇರೆ ಬೇರೆ ಯುನಿಟ್, ಒಂದೊಂದು ಯುನಿಟ್‌ಗೆ ವಾರದಲ್ಲಿ ಗೊತ್ತಾದ ಓಪಿಡಿ ದಿನ. ಮಂಗಳವಾರದ ಯುನಿಟ್ ನೋಡಿದ ಪೇಷಂಟ್ ಗುರುವಾರ ಹೋದರೆ ಸಿಗೋದು ಬೇರೆ ಡಾಕ್ಟರ್. ಕಥೆ ಮತ್ತೆ ಮೊದಲಿಂದ, ಇಲ್ಲವೇ 'ನಿಮ್ಮ ಯುನಿಟ್ ದಿನ ಬನ್ನಿ' ಅಂತ ವಾಪಸ್. ಕೇಸ್ ಪೇಪರ್ ಮೇಲೆ ಯುನಿಟ್ ನಂಬರ್ ಇರುತ್ತೆ, ಅದನ್ನ ರಿಜಿಸ್ಟರ್‌ಗೆ ಇಳಿಸಿಕೊಳ್ಳಿ.

ಚೀಟಿಯಲ್ಲಿ 'ಕೆಮ್ಮು, ದಯವಿಟ್ಟು ನೋಡಿ' ಅಂತ ಬರೆದರೆ ಕೆಮ್ಮಿನ ಸಿರಪ್ ತಗೊಂಡು ವಾಪಸ್ ಬರ್ತಾರೆ. 'ಮೂರು ವಾರದಿಂದ ಕೆಮ್ಮು, ಸಂಜೆ ಜ್ವರ, ಎರಡು ತಿಂಗಳಲ್ಲಿ 4 ಕಿಲೋ ಇಳಿದಿದೆ, ಕಫ ಪರೀಕ್ಷೆ ಮತ್ತು ಎಕ್ಸ್‌ರೇ ಆಗಬೇಕು ಅನ್ನಿಸುತ್ತೆ' ಅಂತ ಬರೆದರೆ ಸಾಲಿನ ಕೊನೆಯಲ್ಲಿ ಸುಸ್ತಾಗಿ ಕೂತ ಡಾಕ್ಟರ್ ಕೂಡ ನಿಂತು ನೋಡ್ತಾರೆ. ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಬರೆಯಿರಿ. ಬಿಪಿ, ಶುಗರ್ ಅಂಕಿ ಬರೆದಾಗ ಹೊತ್ತು ಸೇರಿಸಿ. ಈಗ ತಿನ್ನುತ್ತಿರೋ ಮಾತ್ರೆಗಳ ಹೆಸರು, ಯಾವುದಾದರೂ ಔಷಧಿ ಮೈಗೆ ಆಗಲ್ಲವೇ ಅನ್ನೋದು ಕೂಡ ಇರಲಿ. ಬಿಪಿ ನೋಡೋ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಿ; ಮೂರು ಮಹಡಿ ಸಿಮೆಂಟ್ ಹೊತ್ತು ಇಳಿದವರ ಬಿಪಿ ಆ ಕ್ಷಣಕ್ಕೆ ನೋಡಿದರೆ ಅಂಕಿ ಸುಳ್ಳು ಹೇಳುತ್ತೆ. 'ಖಾಲಿ ಹೊಟ್ಟೆ' ಅಂದರೆ ಊಟ ಬಿಟ್ಟರೆ ಸಾಕು, ಚಹಾ ನಡೆಯುತ್ತೆ ಅಂತಲೇ ಹೆಚ್ಚಿನವರ ತಿಳಿವಳಿಕೆ. ಚಹಾ, ಗುಟಖಾ, ತಂಬಾಕು ಮೂರನ್ನೂ ಹೆಸರಿಟ್ಟು ಬೇಡ ಅನ್ನಿ, ನೀರು ಕುಡಿಯಬಹುದು ಅಂತಲೂ ಹೇಳಿ.

ಫೋನ್: ತುರ್ತಿಲ್ಲದ ರೆಫರ್ ಆದರೆ ಮೂರನೇ ದಿನ ಫೋನ್, ಏಳನೇ ದಿನಕ್ಕೂ ಹೋಗಿಲ್ಲ ಅಂದರೆ ಶೆಡ್ಡಿಗೆ ಭೇಟಿ. ಹಗಲು ಹೊತ್ತಲ್ಲಿ ಫೋನ್ ಎತ್ತಲ್ಲ. ರಾತ್ರಿ ಎಂಟರಿಂದ ಒಂಬತ್ತು ಸರಿಯಾದ ಸಮಯ. ಸಿಮ್ ಪದೇ ಪದೇ ಬದಲಾಗುತ್ತೆ, ಹಾಗಾಗಿ ಮೂರು ನಂಬರ್ ತಗೊಳ್ಳಿ: ಅವರದ್ದು, ಪಕ್ಕದ ಶೆಡ್ಡಿನ ಯಾರಾದರೊಬ್ಬರದ್ದು, ಊರಲ್ಲಿರೋ ತಾಯಿಯದ್ದೋ ಅಣ್ಣನದ್ದೋ. ಮೂರನೇದು ಬಹಳ ಉಪಯೋಗಕ್ಕೆ ಬರುತ್ತೆ. ಕ್ಯಾಂಪ್ ಬೇರೆ ಸೈಟ್‌ಗೆ ಎದ್ದು ಹೋದರೂ ಊರಿನ ನಂಬರ್ ಹಾಗೇ ಇರುತ್ತೆ.

'ಗುಳಗಿ ತಗೋಳಾಕತ್ತೀರೇನ್ರಿ?' ಅಂತ ಕೇಳಿದರೆ 'ಹೂಂರಿ' ಅಂತಲೇ ಉತ್ತರ. 'ನಿನ್ನಿ ರಾತ್ರಿ ಯಾವ್ಯಾವ ಗುಳಗಿ ನುಂಗೀರಿ, ಪಾಕೀಟ ಕೈಯಾಗ ತಗೊಂಡು ಹೇಳ್ರಿ' ಅನ್ನಿ. ಆಗ ನಿಜ ಗೊತ್ತಾಗುತ್ತೆ.

ಡಿಸ್ಚಾರ್ಜ್ ಆದವರ ಮನೆಗೆ 48 ಗಂಟೆಯೊಳಗೆ ಹೋಗಿ, ಮನೆಯಲ್ಲಿರೋ ಎಲ್ಲ ಮಾತ್ರೆ ನೆಲದ ಮೇಲೆ ಸುರಿಸಿ, ಡಿಸ್ಚಾರ್ಜ್ ಕಾರ್ಡ್ ಪಕ್ಕ ಇಟ್ಟುಕೊಂಡು ಒಂದೊಂದೇ ಹೊಂದಿಸಿ. ಪ್ರತಿ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ಔಷಧಿಯ ಮೂಲ ಹೆಸರಿರುತ್ತೆ, ನೋಡಬೇಕಾದ್ದು ಅದನ್ನೇ. ಮುಂಚೆ ಖಾಸಗಿ ಡಾಕ್ಟರ್ ಕೊಟ್ಟ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಒಂದು ಕಂಪನಿಯದ್ದು, ಆಸ್ಪತ್ರೆಯಲ್ಲಿ ಕೊಟ್ಟದ್ದು ಇನ್ನೊಂದರದ್ದು. ಬಣ್ಣ ಬೇರೆ ಅಂತ ಎರಡನ್ನೂ ನುಂಗಿ ತಲೆಸುತ್ತು ಬಂದು ಬೀಳ್ತಾರೆ. ಶುಗರ್‌ನವರಲ್ಲಿ ಇನ್ನೂ ಅಪಾಯ: ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ಒಂದು ಕಡೆ, ಬರೀ ಗ್ಲಿಮೆಪಿರೈಡ್ ಇನ್ನೊಂದು ಕಡೆ. ಎರಡೂ ನುಂಗಿ ಊಟ ತಡವಾದರೆ ಶುಗರ್ ಕುಸಿಯುತ್ತೆ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಫೋಟೋ ತೆಗೆದು ಅವತ್ತೇ ನಿಮ್ಮ ಡಾಕ್ಟರ್‌ಗೆ ಅಥವಾ ಸಿಸ್ಟರ್‌ಗೆ ತೋರಿಸಿ ಅವರ ಮಾತಿನಂತೆ ಬೇರೆ ಮಾಡಿ.

ಪಿಂಪ್ರಿ_ಚಿಂಚವಡ ಬರೆದದ್ದು:

ಟಿಬಿ ವಿಷಯ ನಾನು ಬರೀತೀನಿ.

ಕಫದಿಂದ ಶುರು. ಎರಡು ಸ್ಯಾಂಪಲ್: ಒಂದು ಬಂದ ಹೊತ್ತಿಗೆ, ಇನ್ನೊಂದು ಮರುದಿನ ಬೆಳಿಗ್ಗೆ ಎದ್ದ ಕೂಡಲೇ. ಡಬ್ಬಿ ಕೊಟ್ಟು ಸುಮ್ಮನಾದರೆ ಉಗುಳು ಬರುತ್ತೆ, ಲ್ಯಾಬ್ ವಾಪಸ್ ಕಳಿಸುತ್ತೆ. ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆಯೋದನ್ನ ಮಾಡಿ ತೋರಿಸಿ. ಗಟ್ಟಿಯಾದ ಕಫ ಕನಿಷ್ಠ 2 ಎಂಎಲ್ ಬೇಕು. ಶೆಡ್ಡಿನೊಳಗೆ ಬೇಡ, ಬಯಲಲ್ಲಿ, ಜನ ಇಲ್ಲದ ಕಡೆ ತೆಗೆಸಿ. ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ (ಕಫದಲ್ಲಿ ಟಿಬಿ ಹುಡುಕೋ ಯಂತ್ರದ ಪರೀಕ್ಷೆ) ರಿಪೋರ್ಟ್‌ನಲ್ಲಿ ಟಿಬಿ ಇದೆ ಅನ್ನೋದರ ಜೊತೆ ರಿಫಾಂಪಿಸಿನ್ ಅನ್ನೋ ಟಿಬಿ ಔಷಧಿಗೆ ಬಗ್ಗುತ್ತೋ ಇಲ್ಲವೋ ಅನ್ನೋ ಸಾಲೂ ಇರುತ್ತೆ. ಆ ಸಾಲು ಓದದೆ ಫೈಲ್ ಮುಚ್ಚಬೇಡಿ. ಎಚ್‌ಐವಿ ಮತ್ತು ಶುಗರ್ ಪರೀಕ್ಷೆ ಪ್ರತಿ ಟಿಬಿ ಪೇಷಂಟ್‌ಗೂ ಆಗಲೇಬೇಕು.

ಔಷಧಿಗೆ ಬಗ್ಗೋ ಸಾಮಾನ್ಯ ಟಿಬಿಗೆ ಆರು ತಿಂಗಳು, ದಿನವೂ. ಮೊದಲ ಹಂತ 56 ಡೋಸ್, ಎರಡನೇದು 112. ವಯಸ್ಕರಿಗೆ ಮಾತ್ರೆಗಳ ಸಂಖ್ಯೆ ತೂಕದ ಮೇಲೆ: 25–34 ಕಿಲೋಗೆ ದಿನಕ್ಕೆ 2, 35–49ಕ್ಕೆ 3, 50–64ಕ್ಕೆ 4, 65–75ಕ್ಕೆ 5. ತಿಂಗಳಿಗೊಮ್ಮೆ ತೂಕ ಮಾಡಿ. 48 ಇದ್ದವರು ಊಟ ಸೇರಿ 51ಕ್ಕೆ ಬಂದರೆ ಮೂರು ಮಾತ್ರೆ ಸಾಲದು, ಡಾಕ್ಟರ್‌ಗೆ ತಿಳಿಸಿ ಡೋಸ್ ಬದಲಾಯಿಸಬೇಕು. ಇದನ್ನ ಗಮನಿಸೋರು ಕಡಿಮೆ.

ಮೊದಲ ದಿನವೇ ಹೇಳಬೇಕಾದ ಮಾತು: ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತೆ, ಅದು ಗುಳಿಗೆಯ ಬಣ್ಣ, ರಕ್ತ ಅಲ್ಲ. ಇದೊಂದು ಹೇಳದೆ ಬಿಟ್ಟರೆ ಎರಡನೇ ದಿನವೇ ಹೆದರಿ ಗುಳಿಗೆ ಎಸೆಯೋರಿದ್ದಾರೆ. ಗರ್ಭನಿರೋಧಕ ಮಾತ್ರೆ ತಗೊಳ್ಳೋ ಹೆಣ್ಣುಮಕ್ಕಳಿಗೆ ರಿಫಾಂಪಿಸಿನ್ ಇದ್ದಾಗ ಆ ಮಾತ್ರೆಯ ಬಲ ಕುಂದುತ್ತೆ, ಬೇರೆ ದಾರಿ ಕೇಳಿಕೊಳ್ಳಿ ಅಂತ ಹೇಳಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಪಾದ ಜುಮುಗುಟ್ಟಿದರೆ ಪಿರಿಡಾಕ್ಸಿನ್ (ಬಿ6 ವಿಟಮಿನ್) ಕೊಡ್ತಿದ್ದಾರಾ ನೋಡಿ. ಬಿಡೋರು ಎರಡು ಘಟ್ಟದಲ್ಲಿ ಬಿಡ್ತಾರೆ: ಮೊದಲ ವಾರಗಳ ವಾಂತಿಗೆ, ಮತ್ತೆ ಎರಡನೇ ತಿಂಗಳು ಮುಗಿಯುವಾಗ 'ಈಗ ಆರಾಮ ಐತ್ರಿ' ಅಂತ. ಎರಡನೇದು ಹೆಚ್ಚು ಕೆಟ್ಟದ್ದು. ಕೆಮ್ಮು ನಿಂತಿರುತ್ತೆ, ಕೂಲಿ ಕರೀತಿರುತ್ತೆ. ಆ ಹೊತ್ತಿಗೆ ನಿಮ್ಮ ಭೇಟಿ ಇರಲಿ. ಒಂದು ತಿಂಗಳು ಸತತ ತಪ್ಪಿದರೆ ದಾಖಲೆಯಲ್ಲಿ ಅವರನ್ನ ಕೈತಪ್ಪಿದವರು ಅಂತಲೇ ಎಣಿಸೋದು.

ಊರಿಗೆ ಹೊರಟವರು: ನಿಕ್ಷಯ್ ಐಡಿ (ಸರ್ಕಾರಿ ಟಿಬಿ ಪೋರ್ಟಲ್‌ನ ಪೇಷಂಟ್ ನಂಬರ್) ದೇಶಕ್ಕೆಲ್ಲ ಒಂದೇ. ಹೊರಡೋ ಮುಂಚೆ ತಾಲ್ಲೂಕು, ಊರು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಕೇಳಿಕೊಂಡು ಇಲ್ಲಿನ ಎಸ್‌ಟಿಎಸ್ (ಟಿಬಿ ಚಿಕಿತ್ಸೆಯ ಮೇಲ್ವಿಚಾರಕರು) ಕೈಯಿಂದ ಪೋರ್ಟಲ್‌ನಲ್ಲಿ ಟ್ರಾನ್ಸ್‌ಫರ್ ಹಾಕಿಸಿ. ಹಾಕಿದರೆ ಸಾಲದು, ಆ ಕಡೆಯವರು ಒಪ್ಪಿಕೊಳ್ಳಬೇಕು. ಅಲ್ಲಿನ ಎಸ್‌ಟಿಎಸ್‌ಗೆ ಕನ್ನಡದಲ್ಲೇ ಫೋನ್ ಮಾಡಿ ಹೇಳೋದು ನಿಮ್ಮಿಂದ ಆಗುತ್ತೆ, ನಿಮ್ಮ ಆಫೀಸಿನಲ್ಲಿ ಬೇರೆ ಯಾರಿಂದಲೂ ಆಗಲ್ಲ. ಟ್ರೀಟ್‌ಮೆಂಟ್ ಕಾರ್ಡ್‌ನ ಎರಡೂ ಬದಿ, ಸಿಬಿನ್ಯಾಟ್ ರಿಪೋರ್ಟ್, ಕೊನೆಯ ತೂಕ ಮೂರರ ಫೋಟೋ ಪೇಷಂಟ್‌ನ ಫೋನ್‌ಗೂ ಊರಿನ ನಂಬರ್‌ಗೂ ಕಳಿಸಿ. ದಾರಿಗೆ ಗುಳಿಗೆ ಕೇಳಿ ಕೊಡಿಸಿ. ಟ್ರಾನ್ಸ್‌ಫರ್ ಸಿಕ್ಕಿಬಿದ್ದರೆ ನಿಕ್ಷಯ್ ಸಹಾಯವಾಣಿ 1800-11-6666.

ಟಿಬಿ ಪೇಷಂಟ್‌ಗಳ ಊಟಕ್ಕೆ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ದುಡ್ಡು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ, ಮುಂಚೆ 500 ಇತ್ತು. ಖಾತೆ ಕರ್ನಾಟಕದ ಬ್ಯಾಂಕಿನದ್ದಾದರೂ ನಡೆಯುತ್ತೆ. ದುಡ್ಡು ಬರದಿದ್ದರೆ ಮೊದಲು ನೋಡಬೇಕಾದ್ದು ಖಾತೆ ಚಾಲ್ತಿಯಲ್ಲಿದೆಯಾ ಅಂತ. ವರ್ಷಗಟ್ಟಲೆ ವ್ಯವಹಾರ ಇಲ್ಲದ ಖಾತೆ ಬ್ಯಾಂಕ್ ನಿಲ್ಲಿಸಿರುತ್ತೆ.

ಅದೇ ಶೆಡ್ಡಿನಲ್ಲಿ ಮಲಗೋರನ್ನೂ ಮರೀಬೇಡಿ. ಕೆಮ್ಮು, ಜ್ವರ, ತೂಕ ಇಳಿಯೋದು, ರಾತ್ರಿ ಬೆವರು ಕೇಳಿ. ಟಿಬಿ ಇಲ್ಲ ಅಂತ ಖಚಿತವಾದ ಮೇಲೆ ಮನೆಯವರಿಗೆ ತಡೆ ಔಷಧಿ ಇದೆ. ಅದರಲ್ಲಿ ಒಂದು ಬಗೆ ವಾರಕ್ಕೊಮ್ಮೆಯಂತೆ 12 ಡೋಸ್.

ಝುವಾರಿನಗರ ಬರೆದದ್ದು:

ಮೇಲಿನ ಎರಡಕ್ಕೂ ಒಂದು ಮಾತು ಸೇರಿಸ್ತೀನಿ. ಪಕ್ಕದ ಶೆಡ್ಡಿನವರಿಗೋ ಮುಕಾದಮನಿಗೋ (ಕೂಲಿಯವರ ಮೇಸ್ತ್ರಿ) ಫೋನ್ ಮಾಡಿದಾಗ ಕಾಯಿಲೆಯ ಹೆಸರು ಬಾಯಿಗೆ ಬರಬಾರದು. 'ದವಾಖಾನಿ ಕಾಗದ ಬಂದೈತಿ, ಒಂದು ಫೋನ್ ಹಚ್ಚಾಕ ಹೇಳ್ರಿ' ಇಷ್ಟೇ ಸಾಕು. ಟಿಬಿ ಅಂತ ಗೊತ್ತಾದರೆ ಮುಕಾದಮ ಕೆಲಸದಿಂದ ತೆಗೀಬಹುದು, ಆಗ ಪೇಷಂಟ್ ನಮ್ಮ ಕೈತಪ್ಪಿ ಹೋಗ್ತಾರೆ, ಜೊತೆಗೆ ಇಡೀ ಕುಟುಂಬ ಹೋಗುತ್ತೆ. ಎಚ್‌ಐವಿ ಸ್ಥಿತಿಯನ್ನ ಒಪ್ಪಿಗೆ ಇಲ್ಲದೆ ಹೊರಗೆ ಹೇಳೋದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಷಿದ್ಧ. ಎಲ್ಲರೂ ನೋಡೋ ರಿಜಿಸ್ಟರ್‌ನಲ್ಲಿ ಅದರ ಕಾಲಂ ಇಡಬೇಡಿ. ಆಸ್ಪತ್ರೆಯಲ್ಲಿ ಮರಾಠಿ–ಕನ್ನಡ ತರ್ಜುಮೆಗೆ ಮಕ್ಕಳನ್ನ ಬಳಸಬೇಡಿ. ಹತ್ತು ವರ್ಷದ ಹುಡುಗಿ ತಾಯಿಯ ಬಿಳಿಮುಟ್ಟಿನ ಬಗ್ಗೆ ಡಾಕ್ಟರ್‌ಗೆ ಹೇಗೆ ಹೇಳ್ತಾಳೆ? ಬೇಕಾದರೆ ಆ ಹೊತ್ತಿಗೆ ಫೋನ್‌ನಲ್ಲಿ ನೀವೇ ಇರಿ.

ಪರೇಲ್_ಕೇಸ್‌ಪೇಪರ್ ಬರೆದದ್ದು:

ಯೋಜನೆಗಳ ಬಗ್ಗೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ಡೊಮಿಸೈಲ್ ಬೇಕು. ಕರ್ನಾಟಕದ ಕಾರ್ಡ್ ಮಾತ್ರ ಇರೋರಿಗೆ ದಾರಿ ಆಯುಷ್ಮಾನ್ ಭಾರತ್. ಈ ಯೋಜನೆಯ (ಪಿಎಂಜೆಎವೈ) ಫಲಾನುಭವಿ ಅಂತ ಹೆಸರಿದ್ದರೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಹೆಸರಿದೆಯಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರ (ಯೋಜನೆಯ ಸಹಾಯಕರು) ಡೆಸ್ಕ್‌ನಲ್ಲಿ ಆಧಾರ್ ಕೊಟ್ಟು ನೋಡಿಸಿ, ಇಲ್ಲವೇ 14555ಕ್ಕೆ ಫೋನ್ ಮಾಡಿ. ಕಾಯಿಲೆ ಬರೋ ಮುಂಚೆಯೇ ಕ್ಯಾಂಪ್‌ನಲ್ಲಿ ಎಲ್ಲರ ಕಾರ್ಡ್ ಮಾಡಿಸಿಡೋದು ಉತ್ತಮ. ಆಧಾರ್‌ನಲ್ಲಿ 'ಮಲ್ಲಪ್ಪ', ರೇಷನ್ ಕಾರ್ಡ್‌ನಲ್ಲಿ 'ಮಲ್ಲಿಕಾರ್ಜುನ' ಇದ್ದರೆ ಆಪರೇಷನ್ ದಿನ ಸರಿಮಾಡೋಕೆ ಆಗಲ್ಲ. 70 ದಾಟಿದವರಿಗೆ ಆದಾಯದ ಮಿತಿ ಇಲ್ಲದೆ ಆಯುಷ್ಮಾನ್ ಸಿಗುತ್ತೆ, ಆಧಾರ್ ವಯಸ್ಸು ನೋಡ್ತಾರೆ. ಸೈಟ್‌ನಲ್ಲಿ ಮೊಮ್ಮಕ್ಕಳನ್ನ ನೋಡಿಕೊಂಡಿರೋ ಅಜ್ಜಿಯರನ್ನ ಇದಕ್ಕೆ ಬರೆಸಿ.

ಎರಡು ಕಡೆ ಜನ ಸೋಲ್ತಾರೆ. ಆಯುಷ್ಮಾನ್ ಅಡ್ಮಿಟ್ ಆದವರಿಗೆ ಮಾತ್ರ, ಓಪಿಡಿಗೆ ಇಲ್ಲ. ಮತ್ತೆ ಮುಂಚಿತ ಮಂಜೂರಾತಿ ಸಿಗದೆ ದುಡ್ಡು ಕಟ್ಟಿ ಆಪರೇಷನ್ ಮಾಡಿಸಿಕೊಂಡು ಆಮೇಲೆ ಕಾರ್ಡ್ ತೋರಿಸಿದರೆ ಕಟ್ಟಿದ ದುಡ್ಡು ವಾಪಸ್ ಬರೋದು ಬಹಳ ಕಷ್ಟ. ಅಡ್ಮಿಟ್ ಆದ ದಿನವೇ ಆರೋಗ್ಯಮಿತ್ರರ ಹತ್ತಿರ ಹೋಗಬೇಕು. ಡಿಸ್ಚಾರ್ಜ್ ನಂತರ 15 ದಿನದ ಔಷಧಿ ಪ್ಯಾಕೇಜಿನೊಳಗೇ ಬರುತ್ತೆ, ಕೇಳಿ ತಗೊಳ್ಳಿ. ಕೇಳದಿದ್ದರೆ ಹೊರಗಿನ ಮೆಡಿಕಲ್ ಚೀಟಿ ಕೈಗೆ ಬರುತ್ತೆ.

ಯಾವ ಕಾರ್ಡೂ ಇಲ್ಲದಿದ್ದರೆ ಧರ್ಮಾದಾಯ ಟ್ರಸ್ಟ್ ಆಸ್ಪತ್ರೆ. ಮಹಾರಾಷ್ಟ್ರದ ಪಬ್ಲಿಕ್ ಟ್ರಸ್ಟ್ ಕಾಯ್ದೆಯ 41ಎಎ ಕಲಂ ಪ್ರಕಾರ ಅವರು ಶೇಕಡಾ 10 ಹಾಸಿಗೆ ನಿರ್ಗತಿಕರಿಗೆ ಉಚಿತವಾಗಿ, ಇನ್ನು 10 ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕು. ತಹಸೀಲ್ದಾರರ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್ ಹಿಡಿದು ಅಲ್ಲಿನ ಮೆಡಿಕಲ್ ಸೋಷಿಯಲ್ ವರ್ಕರ್ ಹತ್ತಿರ ಹೋಗಿ. ರಿಸೆಪ್ಷನ್‌ನಲ್ಲಿ ಕೇಳಿದರೆ ಹಾಸಿಗೆ ಇಲ್ಲ ಅಂತಾರೆ. ಇನ್ನೊಂದು, ಊರಿನ ರೇಷನ್ ಕಾರ್ಡ್ ಮೇಲೆ ಒಂದು ದೇಶ ಒಂದು ರೇಷನ್ ಅಡಿಯಲ್ಲಿ ಪುಣೆಯ ರೇಷನ್ ಅಂಗಡಿಯಲ್ಲೇ ಧಾನ್ಯ ತಗೊಳ್ಳಬಹುದು. ಟಿಬಿ ಗುಳಿಗೆ ಹಸಿದ ಹೊಟ್ಟೆಯಲ್ಲಿ ನಿಲ್ಲಲ್ಲ, ಅದಕ್ಕೇ ಇದನ್ನ ಇಲ್ಲಿ ಬರೆದೆ.

ಕಾತ್ರಜ_ಘಾಟ್ ಬರೆದದ್ದು:

ಬಹಳ ಉಪಕಾರ ಆಯ್ತು. ರಿಜಿಸ್ಟರ್ ಇವತ್ತೇ ಗೆರೆ ಹಾಕಿ ಬದಲಾಯಿಸ್ತೀನಿ. ಬಸುರಿಯರ ವಿಷಯ ಕೇಳೋದು ಉಳಿಯಿತು. ಏಳನೇ ತಿಂಗಳಿಗೆ ತವರಿಗೆ ಹೋಗಿ ಕೂಸು ಮೂರು ತಿಂಗಳಾದ ಮೇಲೆ ವಾಪಸ್ ಬರ್ತಾರೆ. ಹೋಗೋ ಮುಂಚೆ ಏನೇನು ಮುಗಿಸಬೇಕು?

ಝುವಾರಿನಗರ ಬರೆದದ್ದು:

ವಾಸ್ಕೋ ಕಡೆಯ ವಸ್ತಿಗಳಲ್ಲೂ ಇದೇ ಓಡಾಟ. ಇಲ್ಲಿ ಇನ್ನೊಂದು ತೊಡಕಿದೆ, ಗೋವಾದ ದೀನ ದಯಾಳ ಸ್ವಾಸ್ಥ್ಯ ಸೇವಾ ಕಾರ್ಡ್‌ಗೆ ಐದು ವರ್ಷದ ವಾಸ ತೋರಿಸಬೇಕು, ಹೊಸದಾಗಿ ಬಂದವರಿಗೆ ಸಿಗಲ್ಲ. ಇರಲಿ, ನಿಮ್ಮ ಪ್ರಶ್ನೆಗೆ ಬರ್ತೀನಿ.

ಬಸುರಿ ಅಂತ ಗೊತ್ತಾದ ದಿನವೇ ಎಎನ್‌ಎಂ (ಸರ್ಕಾರಿ ಆರೋಗ್ಯ ಸಹಾಯಕಿ) ಹತ್ತಿರ ಬರೆಸಿ ಆರ್‌ಸಿಎಚ್ ನಂಬರ್ (ತಾಯಿ-ಮಗುವಿನ ಸರ್ಕಾರಿ ದಾಖಲೆ ನಂಬರ್) ತಗೊಳ್ಳಿ. ಆ ನಂಬರ್ ಹೇಳಿದರೆ ಅಲ್ಲಿನವರು ಮತ್ತೆ ಹೊಸದಾಗಿ ಬರೆಯಬೇಕಾಗಿಲ್ಲ. ಎಷ್ಟೋ ಸಲ ಇಲ್ಲೊಂದು ಕಾರ್ಡ್, ಊರಲ್ಲೊಂದು ತಾಯಿ ಕಾರ್ಡ್ ಆಗಿ, ಬಸುರಿಯರಿಗೆ ಸರ್ಕಾರ ಕೊಡೋ ಮಾತೃವಂದನಾ ದುಡ್ಡು ಎರಡು ಕಡೆಯ ಗೊಂದಲದಲ್ಲಿ ನಿಂತುಬಿಡುತ್ತೆ. ಮೊದಲ ಕೂಸಿಗೆ 5000 ಎರಡು ಕಂತಿನಲ್ಲಿ. ಎರಡನೇದು ಹೆಣ್ಣಾದರೆ 6000.

ಹೊರಡೋ ಮುಂಚೆ ಕಾರ್ಡ್ ಮೇಲೆ ಇರಬೇಕಾದ್ದು: ರಕ್ತದ ಗುಂಪು, ಹಿಮೋಗ್ಲೋಬಿನ್ ಅಂಕಿ ತಾರೀಖು ಸಮೇತ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡಿದ ಶುಗರ್, ಸೋನೋಗ್ರಫಿ ರಿಪೋರ್ಟ್, ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯೋ) ಇಂಜೆಕ್ಷನ್‌ನ ತಾರೀಖುಗಳು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನ ಡಾಕ್ಟರ್ ನೋಡೋ ದಿನ. ಹೊರಡೋ ಮುಂಚಿನ 9ನೇ ತಾರೀಖು ತಪ್ಪಿಸಬೇಡಿ.

ಕಬ್ಬಿಣದ ಗುಳಿಗೆ ದಿನಕ್ಕೊಂದರಂತೆ 180 ದಿನ, ರಕ್ತ ಕಡಿಮೆ ಇದ್ದರೆ ಎರಡು. ಕ್ಯಾಲ್ಸಿಯಂ ದಿನಕ್ಕೆರಡು. ಇವೆರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತಲ್ಲ, ಕನಿಷ್ಠ ಎರಡು ಗಂಟೆ ಅಂತರ ಇರಲಿ. ಚಹಾದ ಜೊತೆಗೂ ಬೇಡ. ಮಲ ಕಪ್ಪಾಗುತ್ತೆ ಅಂತ ಮೊದಲೇ ಹೇಳಿ. ಕ್ಯಾಂಪ್‌ಗಳಲ್ಲಿ ಗುಳಿಗೆ ಬಿಡೋಕೆ ಇನ್ನೊಂದು ಕಾರಣ 'ಕೂಸು ದೊಡ್ಡದಾಗ್ತೈತಿ, ಹೆರಿಗೆ ತ್ರಾಸ ಆಗ್ತೈತಿ' ಅನ್ನೋ ನಂಬಿಕೆ. ಅತ್ತೆಯನ್ನ ಕೂರಿಸಿಕೊಂಡೇ ಮಾತಾಡಿ. ಸೊಸೆಗೆ ಒಬ್ಬಳಿಗೇ ಹೇಳಿದರೆ ಗುಳಿಗೆ ಟ್ರಂಕಿನಲ್ಲೇ ಉಳಿಯುತ್ತೆ.

ಎಲ್ಲಿ ಹೆರಿಗೆ ಅನ್ನೋದನ್ನ ಇಲ್ಲೇ ತೀರ್ಮಾನ ಮಾಡಿಸಿ. ಮುಂಚೆ ಸಿಜೇರಿಯನ್ ಆಗಿದ್ದರೆ, ಬಿಪಿ 140/90 ದಾಟಿದ್ದರೆ, ಅವಳಿ ಇದ್ದರೆ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಊರಿನ ಸಣ್ಣ ಆರೋಗ್ಯ ಕೇಂದ್ರ ಸಾಲದು. ಆಪರೇಷನ್ ಮತ್ತು ರಕ್ತದ ವ್ಯವಸ್ಥೆ ಇರೋ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಹೆಸರು ಕಾರ್ಡ್ ಮೇಲೆ ಬರೆದುಕೊಡಿ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದವರು ರಾತ್ರಿ ಬಸ್ ಹತ್ತೋ ಮೊದಲು ಇಲ್ಲೇ ಆಸ್ಪತ್ರೆಗೆ ಹೋಗಲಿ. ತವರೂರಿನ ಆಶಾ ಅಕ್ಕನ ನಂಬರ್ ತಾಯಿಯ ಮನೆಯವರಿಂದ ತಗೊಂಡು, ಹೊರಡೋ ದಿನವೇ ಆ ಅಕ್ಕನ ಜೊತೆ ಬಸುರಿಯನ್ನ ಫೋನ್‌ನಲ್ಲಿ ಮಾತಾಡಿಸಿ. ಕಾಗದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತೆ.

ಕೂಸಿನ ಲಸಿಕೆ: ಹುಟ್ಟಿದಾಗಿನದ್ದು ಊರಲ್ಲೇ ಆಗುತ್ತೆ. 6, 10, 14 ವಾರದವುಗಳಲ್ಲಿ ಒಂದೆರಡು ಪ್ರಯಾಣದ ನಡುವೆ ತಪ್ಪುತ್ತವೆ. ವಾಪಸ್ ಬಂದಾಗ ಕಾರ್ಡ್ ಊರಲ್ಲೇ ಮರೆತು ಬಂದಿರ್ತಾರೆ, ಅದರ ಫೋಟೋ ಮೊದಲೇ ತರಿಸಿಕೊಳ್ಳಿ. ತಡವಾದರೆ ಮೊದಲಿಂದ ಶುರು ಮಾಡೋ ಅಗತ್ಯ ಇಲ್ಲ, ಬಿಟ್ಟಲ್ಲಿಂದ ಮುಂದುವರಿಸೋದು.

ಪಿಂಪ್ರಿ_ಚಿಂಚವಡ ಬರೆದದ್ದು:

ಕೊನೆಗೊಂದು. ಗೋಡೆಗೆ ಊರಿನ ಕ್ಯಾಲೆಂಡರ್ ಹಾಕಿಕೊಳ್ಳಿ, ಕಚೇರಿಯದ್ದು ಸಾಲದು. ಬಿತ್ತನೆಗೆ ಜೂನ್‌ನಲ್ಲಿ ಹೋಗ್ತಾರೆ, ಆಮೇಲೆ ನಾಗರಪಂಚಮಿ, ದೀಪಾವಳಿ, ಎಳ್ಳಮಾಸಿ, ಯುಗಾದಿ. ಹೋಳಿ ಆದ ಕೂಡಲೇ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರಿ, ಆ ಕಡೆಯ ಕ್ಯಾಂಪ್‌ಗಳು ಅರ್ಧ ಖಾಲಿಯಾಗ್ತವೆ. ಪ್ರತಿ ಹಬ್ಬಕ್ಕೆ ಹದಿನೈದು ದಿನ ಮುಂಚೆ ಟಿಬಿ, ಬಿಪಿ, ಶುಗರ್, ಬಸುರಿ ನಾಲ್ಕೂ ಪಟ್ಟಿ ಹಿಡಿದು ಶೆಡ್ಡು ಶೆಡ್ಡಿಗೆ ಹೋಗಿ 'ಊರಿಗೆ ಯಾವಾಗ ಹೊಂಟೀರಿ, ತಿರುಗಿ ಎಂದು ಬರ್ತೀರಿ' ಕೇಳಿ. ಹತ್ತು ದಿನಕ್ಕೆ ಅಂದರೆ ಇಪ್ಪತ್ತು ದಿನದ ಗುಳಿಗೆ ಲೆಕ್ಕ ಹಾಕಿ ಸಿಸ್ಟರ್‌ಗೆ ಹೇಳಿ ಕೊಡಿಸಿ. ಇನ್ಸುಲಿನ್ ತಗೊಳ್ಳೋರಿಗೆ ಬಸ್ಸಿನ ಡಿಕ್ಕಿಯಲ್ಲಿ ಚೀಲದೊಳಗೆ ಇಡಬೇಡಿ, ಕೈಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಇಟ್ಟುಕೊಳ್ಳಿ, ಐಸ್ ನೇರವಾಗಿ ತಾಗಿಸಬೇಡಿ ಅಂತ ಹೇಳಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ.